ತೊಗಲಿನಲ್ಲಿ ಚಿಗರೆ: ಕೊರೆತ, ಉಬ್ಬು ಮತ್ತು ಕಸುಬಿನ ನುಡಿ

ಪ್ರವೇಶ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಜಾನಪದ ಪತ್ರಿಕೆಯಲ್ಲಿ ತೊಗಲುಗೊಂಬೆಯಾಟವನ್ನು ಓದುತ್ತಾರೆ. ವಚನ ಸಾಹಿತ್ಯದಲ್ಲಿ ಮಾದಾರ ಚೆನ್ನಯ್ಯನನ್ನೂ ಹರಳಯ್ಯನನ್ನೂ ಓದುತ್ತಾರೆ. ಒಂದು ಆಟದ ಪಾಠ, ಇನ್ನೊಂದು ಅನುಭಾವದ ಪಾಠ. ಎರಡಕ್ಕೂ ಆಧಾರವಾದ ವಸ್ತು ಮಾತ್ರ ಒಂದೇ: ತೊಗಲು. ಆ ತೊಗಲಿನ ಮೇಲೆ ಕೈ ಹೇಗೆ ಕೆಲಸ ಮಾಡುತ್ತದೆ, ಒಂದು ಪ್ರಾಣಿಯ ರೂಪ ಅದರಲ್ಲಿ ಹೇಗೆ ಮೂಡುತ್ತದೆ ಎಂಬುದನ್ನು ತಿಳಿಯದೆ ಈ ಎರಡೂ ಪಾಠಗಳು ಪೂರ್ಣವಾಗಲಾರವು. ಪ್ರಸ್ತುತ ಲೇಖನವು ಕಾಡುಪ್ರಾಣಿಗಳ ರೂಪವನ್ನು ತೊಗಲಿನಲ್ಲಿ ಕೊರೆಯುವ ಹಾಗೂ ಉಬ್ಬಿಸುವ ಕಲೆಯನ್ನು, ಅದರೊಡನೆ ಬಂದ ಕನ್ನಡ ಶಬ್ದಗಳನ್ನು, ಸೊಲ್ಲಾಪುರ–ಅಕ್ಕಲಕೋಟೆಯ ನೆಲದಲ್ಲಿ ನಿಂತು ಪರಿಚಯಿಸುತ್ತದೆ.

ಶಬ್ದ ವಿವೇಚನೆ

‘ತೊಗಲು’ ದ್ರಾವಿಡ ಮೂಲದ ಶಬ್ದ. ಹಳಗನ್ನಡದಲ್ಲಿ ತೊಗಲ್, ತೊವಲ್ ಎಂಬ ರೂಪಗಳಿವೆ. ತಮಿಳಿನಲ್ಲಿ ತೋಲ್, ತೆಲುಗಿನಲ್ಲಿ ತೋಲು. ‘ಚರ್ಮ’ ಸಂಸ್ಕೃತದಿಂದ ಬಂದದ್ದು. ಚರ್ಮಕಾರ ಎಂಬುದರಿಂದ ಕನ್ನಡದಲ್ಲಿ ಚಮ್ಮಾರ, ಮರಾಠಿಯಲ್ಲಿ ಚಾಂಭಾರ ಆಗಿವೆ. ಹರಳಯ್ಯನ ಕಥೆಯಲ್ಲಿ ಬರುವ ‘ಚಮ್ಮಾವುಗೆ’ಯ ಮೊದಲ ಭಾಗವೂ ಇದೇ ಚರ್ಮದ ತದ್ಭವ.

ಕ್ರಿಯಾಪದಗಳನ್ನು ಗಮನಿಸಿರಿ. ‘ಕೊರೆ’ ಎಂದರೆ ಮೊನೆಯಿಂದ ಒಳಹೋಗು. ‘ಕೆತ್ತು’ ಎಂದರೆ ವಸ್ತುವಿನ ಒಂದಂಶವನ್ನು ತೆಗೆದುಹಾಕು. ‘ಕಂಡರಿಸು’ ಎಂಬ ಹಳೆಯ ಶಬ್ದವನ್ನು ನಮ್ಮ ಶಾಸನಗಳ ಕೊನೆಯಲ್ಲಿ ಕಾಣುತ್ತೇವೆ. ಕಲ್ಲಿನ ಮೇಲೆ ಅಕ್ಷರ ಮೂಡಿಸಿದವನು ಕಂಡರಿಸಿದವನು. ‘ಅಚ್ಚೊತ್ತು’ ಎಂದರೆ ಏನನ್ನೂ ತೆಗೆಯದೆ, ಅದುಮಿ ಗುರುತು ಮೂಡಿಸು. ಮನಸ್ಸಿನಲ್ಲಿ ಅಚ್ಚೊತ್ತಿತು ಎಂದು ನಾವು ಆಡುವಾಗ ಕಸುಬಿನ ಮಾತನ್ನೇ ಆಡುತ್ತಿರುತ್ತೇವೆ.

ಮುಖ್ಯ ಶಬ್ದ ‘ಹದ’. ಬಿತ್ತನೆಗೆ ನೆಲ ಹದಕ್ಕೆ ಬರಬೇಕು, ಬೆಲ್ಲಕ್ಕೆ ಪಾಕ ಹದಕ್ಕೆ ಬರಬೇಕು. ಹಾಗೆಯೇ ಹಸಿ ತೊಗಲನ್ನು ಕೊಳೆಯದ ತೊಗಲಾಗಿಸುವ ಕೆಲಸಕ್ಕೆ ಕನ್ನಡದ ಹೆಸರು ‘ಹದ ಮಾಡುವುದು’. ಮುಂದೆ ಹೇಳುವುದೆಲ್ಲ ಈ ಹದದ ಮೇಲೆಯೇ ನಿಂತಿದೆ.

ಎರಡು ಹದ, ಎರಡು ಕಲೆ

ತೊಗಲಿನಲ್ಲಿ ಪ್ರಾಣಿಯನ್ನು ಮೂಡಿಸಲು ಎರಡು ದಾರಿಗಳಿವೆ. ಒಂದರಲ್ಲಿ ಬೆಳಕು ರೂಪವನ್ನು ತೋರಿಸುತ್ತದೆ, ಇನ್ನೊಂದರಲ್ಲಿ ನೆರಳು ತೋರಿಸುತ್ತದೆ.

ಮೊದಲನೆಯದು ತೊಗಲುಗೊಂಬೆಯ ದಾರಿ. ಆಡಿನ (ಹಿಂದೆ ಜಿಂಕೆಯ) ತೊಗಲನ್ನು ನೆನೆಹಾಕಿ, ಕೂದಲನ್ನೂ ಮಾಂಸದ ಪೊರೆಯನ್ನೂ ಹೆರೆದು, ಬಿಗಿಯಾಗಿ ಹಿಗ್ಗಿಸಿ ಒಣಗಿಸುತ್ತಾರೆ. ಇದಕ್ಕೆ ತೊಗಟೆಯ ಕಷಾಯ ಉಣಿಸುವುದಿಲ್ಲ. ಆದುದರಿಂದ ತೊಗಲು ಕಂದಾಗದೆ, ಬೆಳಕು ಹಾಯುವಷ್ಟು ತೆಳುವಾಗಿ, ಗಡುಸಾಗಿ ಉಳಿಯುತ್ತದೆ. ಆಮೇಲೆ ರೂಪ ಬರೆದು, ಸಣ್ಣ ಸಣ್ಣ ಉಳಿಗಳಿಂದ ಆರುಪಾರು ತೂತು ಕೊರೆದು, ಎರಡೂ ಮೈಗೆ ಬಣ್ಣ ಹಚ್ಚುತ್ತಾರೆ. ಹಿಂದಿನ ಕಾಲದಲ್ಲಿ ಹರಳೆಣ್ಣೆಯ ದೀಪ ಪರದೆಯ ಹಿಂದೆ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಪ್ರತಿಯೊಂದು ತೂತೂ ಒಂದು ಬೆಳಗುವ ಚುಕ್ಕೆ. ಮಾಯಾಜಿಂಕೆಯ ಮೈಮೇಲಿನ ಚುಕ್ಕೆಗಳನ್ನು ಬಣ್ಣದಿಂದ ಬರೆಯುವುದಕ್ಕಿಂತ ಕೊರೆದು ತೆಗೆಯುವುದೇ ಹೆಚ್ಚು ಪರಿಣಾಮಕಾರಿ ಎಂಬುದು ಇದರಿಂದ ತಿಳಿಯುತ್ತದೆ: ಇಲ್ಲದ ತೊಗಲೇ ಇಲ್ಲಿ ಅಲಂಕಾರ.

ಎರಡನೆಯದು ಹದ ಮಾಡಿದ ತೊಗಲಿನ ದಾರಿ. ಜಾಲಿಯ ತೊಗಟೆ, ಅಳಲೆಕಾಯಿ ಮೊದಲಾದವುಗಳ ಒಗರು ರಸ ತೊಗಲಿನ ಎಳೆಗಳೊಡನೆ ಬೆರೆತು ಅವುಗಳನ್ನು ಕೊಳೆಯದಂತೆ ಕಾಯುತ್ತದೆ. ಕೊಲ್ಲಾಪುರಿ ಚಪ್ಪಲಿಯ ತೊಗಲು ಹದವಾಗುವುದು ಹೀಗೆಯೇ. ಇಂಥ ತೊಗಲು ಕಂದು ಬಣ್ಣಕ್ಕೆ ತಿರುಗುತ್ತದೆ, ಬೆಳಕನ್ನು ಬಿಡುವುದಿಲ್ಲ. ಆದರೆ ಅದಕ್ಕೆ ಬೇರೊಂದು ಗುಣ ಬರುತ್ತದೆ: ನೀರು ಕುಡಿದಾಗ ಮೆತ್ತಗಾಗಿ ಒತ್ತಿದ ಗುರುತನ್ನು ಹಿಡಿಯುತ್ತದೆ, ಒಣಗಿದ ಮೇಲೆ ಆ ಗುರುತನ್ನು ಬಿಡುವುದಿಲ್ಲ. ಕಾರ್ಖಾನೆಗಳಲ್ಲಿ ಕ್ರೋಮಿಯಂ ಲವಣದಿಂದ ಹದ ಮಾಡಿದ ತೊಗಲು ಒತ್ತಿದರೂ ಪುಟಿದು ಮೊದಲಿನಂತೆ ಆಗುವುದರಿಂದ ಈ ಕೆಲಸಕ್ಕೆ ಒದಗದು.

ಒಂದು ಚಿಗರೆಯ ರೂಪ ಮೂಡುವ ಕ್ರಮ

ಸೊಲ್ಲಾಪುರದ ಸಮೀಪದ ನಾನ್ನಜ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ನಮ್ಮ ಭಾಗದ ಆಡುಮಾತಿನಲ್ಲಿ ಅದು ಚಿಗರೆ, ಚಿಗರಿ. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಗಂಡು ಚಿಗರೆಯ ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕಣ್ಣ ಸುತ್ತ ಬಿಳಿಯ ಉಂಗುರ. ಕೊಂಬುಗಳು ತಿರುಚಿಕೊಂಡು ಮೇಲೇರುತ್ತವೆ.

ಮೊದಲು ಮೂರು ನಾಲ್ಕು ಮಿಲಿಮೀಟರ್ ದಪ್ಪದ, ಕಲೆಯಿಲ್ಲದ ತೊಗಲನ್ನು ಆರಿಸಿ, ಕೂದಲಿದ್ದ ಮೈಯನ್ನು ಮೇಲೆ ಮಾಡಿ, ಸ್ಪಂಜಿನಿಂದ ಒದ್ದೆ ಮಾಡುತ್ತಾರೆ. ಒದ್ದೆಯಾದ ಕೂಡಲೇ ಕೆಲಸ ಆರಂಭಿಸುವುದಿಲ್ಲ. ಮೇಲ್ಮೈ ಆರಿ, ತೊಗಲಿನ ಮೊದಲ ಬಣ್ಣ ಮರಳತೊಡಗಿದಾಗ, ಒಳಗಿನ್ನೂ ತಂಪಾಗಿರುವಾಗ ಹದ ಬಂದಂತೆ. ಹೆಚ್ಚು ಒದ್ದೆಯಾದರೆ ಗೆರೆ ಕಲಸಿಹೋಗುತ್ತದೆ, ಹೆಚ್ಚು ಒಣಗಿದರೆ ಕತ್ತಿ ಸಾಗದು.

ಮೊಂಡು ಮೊನೆಯಿಂದ ರೂಪರೇಖೆಯನ್ನು ಎಳೆದು, ಅದರ ಗುಂಟ ಕತ್ತಿಯನ್ನು ತೊಗಲಿನ ಅರ್ಧ ದಪ್ಪದವರೆಗೆ ಮಾತ್ರ ಇಳಿಸುತ್ತಾರೆ. ಆಮೇಲೆ ಗೆರೆಯ ಹೊರಬದಿಯನ್ನು ಓರೆ ಮುಖದ ಉಪಕರಣದಿಂದ ಅದುಮುತ್ತಾರೆ. ಹೊರಗಿನ ಮೈ ತಗ್ಗಿದಂತೆ ಚಿಗರೆ ಮೇಲೇಳುತ್ತದೆ. ಇಲ್ಲಿ ಕಲಿಯುವವರು ತಪ್ಪುವ ಸ್ಥಳವಿದೆ: ಹಿಂದಿನ ಕಾಲನ್ನು ಮುಂದಿನ ಕಾಲಿನಷ್ಟೇ ಎತ್ತರಕ್ಕೆ ಬಿಟ್ಟರೆ ಪ್ರಾಣಿ ಚಪ್ಪಟೆಯಾಗುತ್ತದೆ. ಯಾವುದು ನೋಡುವವನಿಗೆ ದೂರವೋ ಅದನ್ನು ಹೆಚ್ಚು ಅದುಮಬೇಕು. ಕೂದಲಿನ ಗೆರೆಗಳನ್ನು ಕೂದಲು ಬೆಳೆಯುವ ದಿಕ್ಕಿನಲ್ಲಿಯೇ ಎಳೆಯಬೇಕು. ಕೊಂಬಿನ ಉಂಗುರಗಳನ್ನು ನೇರವಾಗಿ ಅಲ್ಲ, ತಿರುವಿನೊಡನೆ ಬಾಗಿಸಬೇಕು.

ಇದು ಕೊರೆತ. ಉಬ್ಬಿಸುವುದಾದರೆ ತೆಳುವಾದ ತೊಗಲನ್ನು ಒದ್ದೆ ಮಾಡಿ, ಹಿಂಬದಿಯಿಂದ ಗುಂಡುಮೊನೆಯ ಉಪಕರಣದಿಂದ ಒತ್ತಿ ಮುಂದೆ ತಳ್ಳುತ್ತಾರೆ. ಹಿಂದೆ ಉಂಟಾದ ಗುಳಿಯನ್ನು ತೊಗಲಿನ ಪುಡಿ ಮತ್ತು ಅಂಟಿನ ಮಿಶ್ರಣದಿಂದ ತುಂಬುತ್ತಾರೆ. ಇಲ್ಲವಾದರೆ ಬಳಕೆಯಲ್ಲಿ ಉಬ್ಬು ಕುಸಿಯುತ್ತದೆ. ಭಾರತದಲ್ಲಿ ತೊಗಲಿನ ಉಬ್ಬುಚಿತ್ರಕ್ಕೆ ಹೆಸರಾದ ಸ್ಥಳ ಬಂಗಾಳದ ಶಾಂತಿನಿಕೇತನ. ಅಮೆರಿಕದ ಜೀನು ಮಾಡುವವರಲ್ಲಿ ಕೊರೆತವೇ ಒಂದು ದೊಡ್ಡ ಪರಂಪರೆಯಾಗಿ ಬೆಳೆದಿದೆ.

ಪ್ರಾಣಿ, ತೊಗಲು ಮತ್ತು ಕಾನೂನು

ಈ ಕಲೆಯೊಳಗೊಂದು ಕಠಿಣ ಸತ್ಯವಿದೆ. ಜಿಂಕೆಯ ರೂಪವನ್ನು ಜಿಂಕೆಯ ತೊಗಲಿನಲ್ಲಿಯೇ ಕೊರೆದ ಕಾಲವೊಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಅದು ಸಾಧ್ಯವಿಲ್ಲ, ಸಾಧ್ಯವಾಗಲೂ ಬಾರದು. ಇಂದು ಗೊಂಬೆಗೆ ಆಡಿನ ತೊಗಲು, ಕೊರೆತಕ್ಕೆ ದನ-ಎಮ್ಮೆಯ ತೊಗಲು. 1979ರಲ್ಲಿ ನಾನ್ನಜ ಪ್ರದೇಶವನ್ನು ಒಳಗೊಂಡ ಅಭಯಾರಣ್ಯ ಸ್ಥಾಪನೆಯಾದದ್ದು ಒಂದು ಹಕ್ಕಿಗಾಗಿ. ಮರಾಠಿಯಲ್ಲಿ ಅದು ಮಾಳಢೋಕ, ಕನ್ನಡದಲ್ಲಿ ಎರೆಭೂತ. ‘ಎರೆ’ ಎಂದರೆ ನಮ್ಮ ಕಪ್ಪು ನೆಲ. ಸುಮಾರು ಒಂದು ಮೀಟರ್ ಎತ್ತರದ ಈ ಹಕ್ಕಿ ದಖ್ಖನಿನಲ್ಲಿ ಇಂದು ಬಹುತೇಕ ಕಾಣದಾಗಿದೆ. ಹಕ್ಕಿ ಹೋದರೆ ಹೆಸರು ಎಷ್ಟು ದಿನ ಉಳಿದೀತು? ಎರೆಹೊಲದಲ್ಲಿ ಬೆಳೆದ ಎಷ್ಟು ವಿದ್ಯಾರ್ಥಿಗಳಿಗೆ ಈ ಶಬ್ದ ತಿಳಿದಿದೆ ಎಂಬುದನ್ನು ತರಗತಿಯಲ್ಲಿ ಕೇಳಿ ನೋಡಬಹುದು.

ಗಡಿ ಅರಿಯದ ಕಸುಬು

ತೊಗಲುಗೊಂಬೆಯಾಡಿಸುವ ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಸಮುದಾಯದ ಮನೆಮಾತು ಮರಾಠಿಯ ಒಂದು ಪ್ರಭೇದ. ಪರದೆಯ ಹಿಂದೆ ಅವರು ರಾಮಾಯಣ, ಮಹಾಭಾರತಗಳನ್ನು ಹೇಳುವುದು ಕನ್ನಡದಲ್ಲಿ. ಅಕ್ಕಲಕೋಟೆಯ ನಮ್ಮ ಅನೇಕ ವಿದ್ಯಾರ್ಥಿಗಳದು ಇದಕ್ಕೆ ತಿರುಗುಮುರುಗಾದ ಬದುಕು: ಮನೆಯಲ್ಲಿ ಕನ್ನಡ, ಪೇಟೆಯಲ್ಲಿ, ಕಚೇರಿಯಲ್ಲಿ ಮರಾಠಿ. ಎರಡು ನುಡಿಗಳ ನಡುವೆ ಬದುಕುವುದು ಕೊರತೆಯಲ್ಲ, ಅದರಿಂದಲೇ ಒಂದು ದೊಡ್ಡ ಕಲೆ ಬೆಳೆಯಬಲ್ಲದು ಎಂಬುದಕ್ಕೆ ಈ ಸಮುದಾಯವೇ ಸಾಕ್ಷಿ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಪಿಂಗುಳಿಯ ಠಾಕರ ಸಮುದಾಯದ ಗೊಂಬೆ ಕಲಾವಿದ ಪರಶುರಾಮ ಗಂಗಾವಣೆ ಅವರಿಗೆ 2021ರಲ್ಲಿ ಅದೇ ಗೌರವ ಸಂದಿತ್ತು.

ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ ಅದು ಒಂದು ರಾಜ್ಯಕ್ಕೆ ದೊರೆಯಲಿಲ್ಲ. ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ; ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ: ಹೀಗೆ ಎಂಟು ಜಿಲ್ಲೆಗಳು ಅದರಲ್ಲಿ ಸಮಾನವಾಗಿ ಸೇರಿವೆ.

ಉಳಿಯ ಹೆಸರು, ಉಳಿಯಬೇಕಾದ ಹೆಸರು

ಆದ್ಯ ವಚನಕಾರರಲ್ಲಿ ಒಬ್ಬನೆಂದು ಪರಿಗಣಿತನಾದ ಮಾದಾರ ಚೆನ್ನಯ್ಯನ ಅಂಕಿತವನ್ನು ನೀವು ಓದಿದ್ದೀರಿ. ಅದರೊಳಗೆ ಕೈಯುಳಿ, ಕತ್ತಿ, ಅಡಿಗೂಂಟ ಎಂಬ ಮೂರು ಉಪಕರಣಗಳ ಹೆಸರುಗಳಿವೆ. ಬೇರೆ ಅನೇಕ ವಚನಕಾರರು ತಮ್ಮ ಇಷ್ಟದೈವದ ಹೆಸರಿನಿಂದಲೇ ಅಂಕಿತವನ್ನು ಕಟ್ಟಿಕೊಂಡಿದ್ದರೆ, ಚೆನ್ನಯ್ಯ ದೈವದ ಹೆಸರಿಗಿಂತ ಮೊದಲು ತನ್ನ ಕೈಯಲ್ಲಿದ್ದ ಉಳಿಯನ್ನು ಇಟ್ಟನು. ಸಮಾಜ ಕೀಳೆಂದ ಕಸುಬಿನ ಶಬ್ದಗಳು ಹೀಗೆ ಕಾವ್ಯದ ಒಳಗೆ, ಪ್ರತಿ ವಚನದ ಕೊನೆಗೆ, ತಲೆಯೆತ್ತಿ ನಿಂತವು. ಆ ಶಬ್ದಗಳು ನಮಗೆ ತಲುಪಿದ್ದೂ ಅದರಿಂದಲೇ.

ಬರೆದಿಡದ ಶಬ್ದಗಳ ಪಾಡು ಹಾಗಲ್ಲ. ತೊಗಲು ಕೊಯ್ಯುವ ‘ರಂಪಿಗೆ’ ಇಂದು ನಿಘಂಟಿನಲ್ಲಿದೆ. ಅದನ್ನು ಹಿಡಿದ ಕೈಗಳ ಮಕ್ಕಳು ಬೇರೆ ಉದ್ಯೋಗಗಳಿಗೆ ಹೋಗುತ್ತಿದ್ದಾರೆ. ಹೋಗುವುದು ಅವರ ಹಕ್ಕು. ಜಾತಿಯ ಹೊರೆಯಾಗಿ ಬಂದ ಕಸುಬನ್ನು ಬಿಡಬೇಡಿರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅವರ ಅರಿವು ಮತ್ತು ಶಬ್ದಗಳು ದಾಖಲಾಗದೆ ಹೋದರೆ ನಷ್ಟ ಕನ್ನಡಕ್ಕೆ. ಕುಲದ ಹೆಸರನ್ನು ಬೈಗುಳವಾಗಿಸಿದ ಭಾಷೆ ಅದೇ ಜನರಿಂದ ಪಡೆದ ಶಬ್ದಗಳನ್ನಾದರೂ ಗೌರವದಿಂದ ಕಾಪಾಡಬೇಕು. ಈ ಕೆಲಸ ಭಾಷೆಯನ್ನು ಐಚ್ಛಿಕವಾಗಿ ಆರಿಸಿಕೊಂಡವರದು.

ಅಭ್ಯಾಸ

1. ‘ಹದ’ ಶಬ್ದವನ್ನು ಬೇಸಾಯ, ಅಡುಗೆ, ಕಮ್ಮಾರಿಕೆ, ತೊಗಲಿನ ಕೆಲಸಗಳಲ್ಲಿ ಬಳಸುವ ಬಗೆಯನ್ನು ಹೋಲಿಸಿ ಬರೆಯಿರಿ.

2. ಕೊರೆ, ಕೆತ್ತು, ಕಂಡರಿಸು, ಅಚ್ಚೊತ್ತು: ಇವುಗಳ ಅರ್ಥಭೇದವನ್ನು ಉದಾಹರಣೆಗಳೊಡನೆ ವಿವರಿಸಿರಿ.

3. ತೊಗಲುಗೊಂಬೆಯ ಪ್ರಾಣಿರೂಪಕ್ಕೂ ಹದ ಮಾಡಿದ ತೊಗಲಿನ ಉಬ್ಬುಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಬೆಳಕು–ನೆರಳುಗಳ ನೆಲೆಯಲ್ಲಿ ಚರ್ಚಿಸಿರಿ.

4. ನಿಮ್ಮ ಊರಿನಲ್ಲಿ ತೊಗಲಿನ ಕೆಲಸ ಮಾಡುವ ಹಿರಿಯರನ್ನು ಅವರ ಒಪ್ಪಿಗೆ ಪಡೆದು ಭೇಟಿಯಾಗಿರಿ. ಉಪಕರಣ, ತೊಗಲಿನ ಭಾಗ, ಹದದ ಹಂತ ಇವುಗಳ ಹೆಸರುಗಳನ್ನು ಅವರು ಉಚ್ಚರಿಸಿದಂತೆಯೇ ಬರೆದುಕೊಳ್ಳಿರಿ. ಶಬ್ದ ಕನ್ನಡದ್ದೋ ಮರಾಠಿಯದ್ದೋ ಉರ್ದುವಿನದ್ದೋ ಎಂಬ ವಿಂಗಡಣೆ ಆಮೇಲಿನದು. ತಿದ್ದುವುದು ಬೇಡ, ಮೊದಲು ಕೇಳಿಸಿಕೊಳ್ಳಿರಿ.