ಕೈಗಡಿಯಾರಕ್ಕೆ ಕೀಲಿ ಕೊಡುವ ಕ್ರಮ

ತಂದೆಯವರ ಕೈಗಡಿಯಾರವು ನಿಂತುಹೋಗಿ ಪೆಟ್ಟಿಗೆಯಲ್ಲಿ ಬಿದ್ದಿರುವ ಮನೆಗಳು ಅನೇಕವುಂಟು. ಕೀಲಿಯನ್ನು ಹೆಚ್ಚಾಗಿ ಕೊಟ್ಟದ್ದರಿಂದ ಅದು ಕೆಟ್ಟಿತೆಂದು ಹೇಳಿ ಅಲ್ಪ ಕ್ರಯಕ್ಕೆ ಮಾರಿಬಿಡುವವರೂ ಉಂಟು. ಈ ಮಾತು ಬಹುಮಟ್ಟಿಗೆ ತಪ್ಪೆಂಬದನ್ನು ಈ ಪಾಠದಲ್ಲಿ ತಿಳಿಸುವೆವು.

ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯು 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಾಯದಿಂದ ಕೈಗಡಿಯಾರಗಳನ್ನು ಮಾಡತೊಡಗಿತು. ಅದರ 'ಜನತಾ' ಎಂಬ ಗಡಿಯಾರವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಇದಕ್ಕೆ ಬ್ಯಾಟರಿಯಿಲ್ಲ. ಪುಟ್ಟ ಡಬ್ಬಿಯೊಂದರಲ್ಲಿ ಸುರುಳಿಯಾಗಿ ಸುತ್ತಿರುವ ಲೋಹದ ಪಟ್ಟಿ, ಅಂದರೆ ಸ್ಪ್ರಿಂಗು, ಇದರ ಬಲವಾಗಿದೆ. ಬದಿಯ ಗುಂಡಿಯನ್ನು ತಿರುಗಿಸಿದರೆ ಸ್ಪ್ರಿಂಗು ಬಿಗಿಯಾಗುವದು. ಅದು ಮೆಲ್ಲಮೆಲ್ಲನೆ ಬಿಚ್ಚಿಕೊಳ್ಳುವಾಗ ಚಕ್ರಗಳು ನಡೆಯುವವು. ಗಡಿಯಾರವು ಸೆಕೆಂಡಿಗೆ 5 ಸಾರಿಯಂತೆ ಹಗಲಿರುಳು ಸೇರಿ 4,32,000 ಸಾರಿ ಬಡಿಯುವದು.

ಕೀಲಿ ಕೊಡುವ ಕ್ರಮವೇನಂದರೆ:

ಮೊದಲನೆಯದು, ಗಡಿಯಾರವನ್ನು ಕೈಯಿಂದ ಬಿಚ್ಚಿಕೊಳ್ಳತಕ್ಕದ್ದು. ಕಟ್ಟಿಕೊಂಡೇ ತಿರುಗಿಸಿದರೆ ಗುಂಡಿಯ ಸಣ್ಣ ಕಡ್ಡಿಯು ಓರೆಯಾಗಿ ಎಳೆಯಲ್ಪಟ್ಟು ಸವೆಯುವದು.

ಎರಡನೆಯದು, ಹೆಬ್ಬೆರಳು ತೋರುಬೆರಳುಗಳಿಂದ ಗುಂಡಿಯನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸಿರಿ. ಬೆರಳಿಗೆ ಗಟ್ಟಿಯಾದ ತಡೆಯು ತಿಳಿದ ಕೂಡಲೆ ನಿಲ್ಲಿಸಿರಿ, ಬಲಾತ್ಕಾರ ಮಾಡಬೇಡಿರಿ. ಸ್ಪ್ರಿಂಗು ಪೂರ್ಣವಾಗಿ ಬಿಗಿಯಾಗುವದರಿಂದ ಗಡಿಯಾರಕ್ಕೆ ಕೇಡಿಲ್ಲ.

ಮೂರನೆಯದು, ಪ್ರತಿದಿನ ಬೆಳಿಗ್ಗೆ ಒಂದೇ ವೇಳೆಯಲ್ಲಿ ಕೀಲಿ ಕೊಡಿರಿ. ಒಂದು ಕೀಲಿಗೆ ಇಂಥ ಗಡಿಯಾರವು ಒಂದೂವರೆ ದಿನದಷ್ಟು ನಡೆಯುವದಾದರೂ ಮರುದಿನದ ತನಕ ಬಿಡುವದು ಒಳ್ಳೇದಲ್ಲ. ಯಾಕಂದರೆ ಸ್ಪ್ರಿಂಗು ಸಡಿಲಾದ ಹಾಗೆ ಅದರ ಬಲವು ಕುಗ್ಗಿ ವೇಳೆಯು ತಪ್ಪುವದು.

ನಾಲ್ಕನೆಯದು, ವೇಳೆಯನ್ನು ಸರಿಪಡಿಸುವದಕ್ಕೆ ಗುಂಡಿಯನ್ನು ಹೊರಕ್ಕೆ ಎಳೆದು ಮುಳ್ಳುಗಳನ್ನು ಮುಂದಕ್ಕೆ ನಡಿಸಿರಿ. ಬಳಿಕ ಗುಂಡಿಯನ್ನು ತಪ್ಪದೆ ಒಳಕ್ಕೆ ಒತ್ತಿರಿ. ಇಲ್ಲವಾದರೆ ಧೂಳೂ ತೇವವೂ ಒಳಹೋಗುವವು. ತಾರೀಕು ತೋರಿಸುವ ಗಡಿಯಾರವಾದರೆ ರಾತ್ರಿ 9 ಘಂಟೆಯಿಂದ 3 ಘಂಟೆಯ ವರೆಗೆ ತಾರೀಕನ್ನು ಬದಲಾಯಿಸಬೇಡಿರಿ. ಆ ಹೊತ್ತಿನಲ್ಲಿ ಅದರ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡಿರುವವು.

ಹೀಗಿರಲಾಗಿ, ಪೂರ್ಣವಾಗಿ ಕೀಲಿ ಕೊಟ್ಟರೂ ಗಡಿಯಾರವು ನಡೆಯದಿದ್ದರೆ ದೋಷವು ಕೀಲಿಯದಲ್ಲ. ಸಾಧಾರಣವಾಗಿ ಒಳಗಿನ ಎಣ್ಣೆಯು ಒಣಗಿ ಧೂಳಿನೊಂದಿಗೆ ಅಂಟಾಗಿರುವದು. ಮನೆಯಲ್ಲಿ ಅದನ್ನು ಬಿಚ್ಚದೆ, ತೆಂಗಿನೆಣ್ಣೆಯನ್ನು ಬಿಡದೆ, ಕೆಲಸ ಬಲ್ಲ ರಿಪೇರಿಯವರಿಗೆ ಕೊಟ್ಟು ತೊಳಿಸಿ ಎಣ್ಣೆ ಹಾಕಿಸಿರಿ. ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರಕಾರವು 2016ರಲ್ಲಿ ಒಪ್ಪಿಗೆ ಕೊಟ್ಟಿತು. ಆದದರಿಂದ ಇದ್ದದ್ದನ್ನು ಕಾಪಾಡುವದೇ ಬುದ್ಧಿ. ಪೆಟ್ಟಿಗೆಯಲ್ಲಿರುವದು ಸತ್ತ ಗಡಿಯಾರವೆಂದು ತೀರ್ಮಾನಿಸುವದಕ್ಕೆ ಮುಂಚೆ ಒಂದು ಸಾರಿ ತೋರಿಸಿ ನೋಡಿರಿ.