ಜೀವಕೋಶದ ಆತ್ಮಾಹುತಿ

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ತೊಗರಿ ಹೊಲಗಳಲ್ಲಿ ಕಾಯಿಕೊರಕ ಹುಳವು ಗಿಡದ ತುದಿಯಲ್ಲಿ ತಲೆಕೆಳಗಾಗಿ ಜೋತು ಸತ್ತಿರುವುದನ್ನು ನಾವು ಕೆಲವೊಮ್ಮೆ ಕಾಣುತ್ತೇವೆ. ಇದು ಎನ್.ಪಿ.ವಿ. ಎಂಬ ವೈರಸ್ಸಿನ ರೋಗ. ಮನುಷ್ಯರಿಗೆ ತಗಲದ ಈ ವೈರಸ್ಸನ್ನೇ ರೈತರು ಔಷಧವಾಗಿ ಸಿಂಪಡಿಸುವುದುಂಟು.

ವೈರಸ್ ಹೊಕ್ಕ ಜೀವಕೋಶವು ಸುಮ್ಮನೆ ಕೂಡುವುದಿಲ್ಲ. ಕ್ಯಾಸ್ಪೇಸ್ ಎಂಬ ತನ್ನದೇ ಪ್ರೋಟೀನುಗಳಿಂದ ತನ್ನನ್ನು ತಾನೇ ಕತ್ತರಿಸಿಕೊಂಡು ಸಾಯಲೆತ್ನಿಸುತ್ತದೆ. ಮನೆಯೇ ಬಿದ್ದರೆ ಕಳ್ಳನಿಗೆ ಠಾವೆಲ್ಲಿ? ಆದರೆ ಕಳ್ಳ ಬಲು ಜಾಣ! ಇದೇ ಕುಲದ ಒಂದು ವೈರಸ್ಸು ಪಿ-35 ಎಂಬ ಪ್ರೋಟೀನಿನಿಂದ ಈ ಸಾವನ್ನು ತಡೆಯುವುದೆಂದು 1991ರಲ್ಲಿ ತಿಳಿಯಿತು. ಕ್ಯಾಸ್ಪೇಸ್ ಅದನ್ನು ಕತ್ತರಿಸಹೋಗಿ ಅದಕ್ಕೇ ಅಂಟಿಕೊಳ್ಳುತ್ತದೆ. ಕೋಶ ಬದುಕುತ್ತದೆ, ವೈರಸ್ ಬೆಳೆಯುತ್ತದೆ.

1993ರಲ್ಲಿ ಸೇಬಿನ ಹುಳದ ವೈರಸ್ಸಿನಲ್ಲಿ ಐ.ಎ.ಪಿ. ಎಂಬ ಇನ್ನೊಂದು ತಡೆ ಸಿಕ್ಕಿತು. ಅದರ ಬಂಧುಗಳು ನಮ್ಮ ಜೀವಕೋಶಗಳಲ್ಲಿಯೂ ಇವೆ. ಹಲವು ಕ್ಯಾನ್ಸರುಗಳಲ್ಲಿ ಅವು ಅತಿಯಾಗಿ, ಸಾಯಬೇಕಾದ ಕೋಶವನ್ನು ಸಾಯಗೊಡುವುದಿಲ್ಲ.