ಸಂಪರ್ಕ ಉಂಟೆ, ಇಲ್ಲವೆ?

ವಿದ್ಯಾರ್ಥಿಯೊಬ್ಬನು ಪರೀಕ್ಷೆಯ ಅರ್ಜಿಯನ್ನು ಫೋನಿನಲ್ಲಿ ತುಂಬಿ ‘ಕಳುಹಿಸು’ ಎಂಬ ಗುಂಡಿಯನ್ನು ಒತ್ತಿದನೆನ್ನೋಣ. ಅಂದೇ ಕಡೆಯ ದಿನ. ವೈಫೈ ಕೂಡಿಕೊಂಡಿದೆ, ಆದರೂ ಅರ್ಜಿ ಹೋಗದು. ಇದೇನು ವಿಚಿತ್ರ? ವೈಫೈ ಕೂಡಿತೆಂದರೆ ಫೋನಿಗೂ ಕೋಣೆಯ ಮೂಲೆಯಲ್ಲಿರುವ ರೌಟರಿಗೂ ನಂಟಾಯಿತೆಂದಷ್ಟೇ ಅರ್ಥ. ಬೀದಿಯಲ್ಲಿ ಅಂಚೆಪೆಟ್ಟಿಗೆ ನಿಂತ ಮಾತ್ರಕ್ಕೆ ಟಪಾಲು ಸಾಗುತ್ತಿದೆಯೆಂದು ಹೇಳಬಹುದೆ?

ಆಚೆಗಿನ ದಾರಿ ತೆರೆದಿದೆಯೆ ಎಂಬುದನ್ನು ತಿಳಿಯಲು ಕೂಗಿ ನೋಡಬೇಕು, ಓಗೊಟ್ಟರೆ ದಾರಿಯುಂಟು. 1983ರಲ್ಲಿ ಅಮೆರಿಕದ ಮೈಕ್ ಮೂಸ್ ರಚಿಸಿದ ‘ಪಿಂಗ್’ ಎಂಬ ಪುಟ್ಟ ತಂತ್ರಾಂಶದ ತತ್ತ್ವ ಇದೇ. ಆದರೆ ಪಿಂಗಿಗೆ ಉತ್ತರಿಸದಂತೆ ಬಿಗಿಮಾಡಿದ ಸರ್ವರುಗಳು ಹಲವುಂಟು. ಅವುಗಳ ಮೌನದಿಂದ ಏನನ್ನೂ ನಿರ್ಣಯಿಸಲಾಗದು.

ಉತ್ತರ ಬಂದರೂ ಮೋಸಹೋಗುವ ಸಂಭವವಿದೆ. ರೈಲುನಿಲ್ದಾಣ, ಹೋಟೆಲುಗಳ ಅನೇಕ ವೈಫೈಗಳು ನಾವು ಕೇಳಿದ ಪುಟಕ್ಕೆ ಬದಲಾಗಿ ತಮ್ಮದೇ ಪ್ರವೇಶಪುಟವನ್ನು ಮುಂದೊಡ್ಡುತ್ತವೆ. ಇದನ್ನು ಪತ್ತೆಹಚ್ಚಲು ಆಂಡ್ರಾಯ್ಡ್ ಫೋನು ಸೊಗಸಾದ ಉಪಾಯವನ್ನು ಹೂಡಿದೆ. ಗೊತ್ತಾದ ವಿಳಾಸವೊಂದರಿಂದ ಅದು ಬರಿದಾದ ಉತ್ತರವನ್ನು ಬೇಡುತ್ತದೆ. ‘ಒಳಗೇನೂ ಇಲ್ಲ’ ಎಂದು ಸೂಚಿಸುವ 204 ಎಂಬ ಸಂಖ್ಯೆ ಬಂದರೆ ದಾರಿ ಸರಿ. ತುಂಬಿದ ಪುಟ ಬಂದರೆ ನಡುವೆ ದ್ವಾರಪಾಲಕನಿದ್ದಾನೆ! 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದೀಚೆಗೆ ಈ ಪರೀಕ್ಷೆಯ ಫಲವನ್ನು ಆ್ಯಪುಗಳು ಕೇಳಿ ತಿಳಿಯಬಹುದು. ವಿಂಡೋಸ್ ಸಹ ‘ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್’ ಎಂಬ ಮೂರೇ ಪದಗಳ ಕಡತವನ್ನು ತರಿಸಿ ತಾಳೆನೋಡುತ್ತದೆ.

ಇಷ್ಟಾದರೂ ಅದು ಕಳೆದ ಕ್ಷಣದ ಸುದ್ದಿ. ಪರೀಕ್ಷೆ ಮುಗಿದ ಮರುಕ್ಷಣವೇ ರೈಲು ಸುರಂಗವನ್ನು ಹೊಕ್ಕರೆ? ಅದೂ ಅಲ್ಲದೆ, ಓಗೊಟ್ಟದ್ದು ಬೇರೊಂದು ಸರ್ವರು, ಅರ್ಜಿ ಸೇರಬೇಕಾದುದಲ್ಲ. ಆದುದರಿಂದ ಬಲ್ಲವರು ಮುಂಗಡ ಪರೀಕ್ಷೆಯನ್ನೇ ನಂಬಿ ಕೂರುವುದಿಲ್ಲ. ಅರ್ಜಿಯನ್ನೇ ಕಳುಹಿಸಿ, ಗೊತ್ತಾದ ಅವಧಿಯವರೆಗೆ ರಸೀತಿಗಾಗಿ ಕಾಯುವಂತೆ ಆ್ಯಪನ್ನು ರಚಿಸುತ್ತಾರೆ. ರಸೀತಿ ಬರುವ ತನಕ ಅರ್ಜಿಯ ಪ್ರತಿ ಫೋನಿನಲ್ಲೇ ಭದ್ರವಾಗಿರಬೇಕು.

ರಸೀತಿ ಬಾರದಿದ್ದರೆ? ನಿಜವಾದ ತೊಡಕು ಇಲ್ಲಿದೆ. ಹೋಗುವಾಗ ಅರ್ಜಿಯೇ ಕಳೆಯಿತೋ, ಬರುವಾಗ ರಸೀತಿ ಕಳೆಯಿತೋ ಫೋನಿಗೆ ತಿಳಿಯದು. ಮತ್ತೆ ಕಳುಹಿಸಿದರೆ ಶುಲ್ಕ ಎರಡು ಬಾರಿ ಕಡಿತವಾದೀತು. ಇದಕ್ಕಾಗಿ ಅರ್ಜಿಗೆ ಮೊದಲೇ ಒಂದು ವಿಶಿಷ್ಟ ಸಂಖ್ಯೆಯನ್ನು ಕೊಟ್ಟು, ಪ್ರತಿ ಸಲವೂ ಅದನ್ನೇ ಕಳುಹಿಸುವುದು ಕ್ರಮ. ಸರ್ವರು ಸಂಖ್ಯೆಯನ್ನು ಗುರುತಿಸಿ, ಹೊಸ ಅರ್ಜಿಯೆಂದು ಎಣಿಸದೆ, ಹಳೆಯ ರಸೀತಿಯನ್ನೇ ಮರಳಿ ಕೊಡುತ್ತದೆ. ಮರುಯತ್ನಗಳ ನಡುವಣ ಬಿಡುವನ್ನು 1, 2, 4, 8 ಸೆಕೆಂಡುಗಳೆಂದು ಇಮ್ಮಡಿಸುತ್ತ, ಅದಕ್ಕೆ ಕೊಂಚ ಯಾದೃಚ್ಛಿಕ ಕಾಲವನ್ನೂ ಬೆರೆಸುವುದುಂಟು. ಹಾಗಲ್ಲದಿದ್ದರೆ ಕಡೆಯ ದಿನದ ಸಾವಿರಾರು ಫೋನುಗಳು ಒಂದೇ ಗಳಿಗೆಯಲ್ಲಿ ಬಾಗಿಲು ತಟ್ಟಿ, ಆಗತಾನೆ ಚೇತರಿಸಿಕೊಂಡ ಸರ್ವರನ್ನು ಮತ್ತೆ ಕೆಡಹಿಯಾವು.